ಒಂದು ಸೊಳ್ಳೆ, ಹತ್ತು ಶರಾವತಿ

ಒಂದು ಸೊಳ್ಳೆಯ ತೂಕ ಹೆಚ್ಚುಕಡಿಮೆ 2 ಮಿಲಿಗ್ರಾಂ. ವಿಜಯಪುರದ ಗೋಳಗುಮ್ಮಟದ ಎತ್ತರ 51 ಮೀಟರ್. ಆ ಸೊಳ್ಳೆಯನ್ನು ಗುಮ್ಮಟದ ಬುಡದಿಂದ ನೆತ್ತಿಗೆ ಎತ್ತಿಡಲು ಎಷ್ಟು ಶಕ್ತಿ ಬೇಕು? ಒಂದು ಮಿಲಿಜೂಲ್. ಜೂಲ್ ಕೂಡ ಅಲ್ಲ, ಅದರ ಸಾವಿರದಲ್ಲೊಂದು ಪಾಲು. ಅದೇ ಸೊಳ್ಳೆಯನ್ನು ಚಪ್ಪಾಳೆ ತಟ್ಟಿ ಕೊಲ್ಲಲು ನಾವು ಇದಕ್ಕಿಂತ ಎಷ್ಟೋ ಹೆಚ್ಚು ಖರ್ಚು ಮಾಡುತ್ತೇವೆ, ಅದೂ ಮೂರು ಸಲ ಗುರಿ ತಪ್ಪಿದ ಮೇಲೆ.

ಮನೆಯ ಮೀಟರಿನಲ್ಲಿ ಓಡುವ ಒಂದು ಯೂನಿಟ್ ಕರೆಂಟಿನಲ್ಲಿ ಇಂಥ ಮಿಲಿಜೂಲ್‌ಗಳು 360 ಕೋಟಿ ಇವೆ. ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೆ, ರೂಪಾಯಿಗೆ 51 ಕೋಟಿ. ಅಂದರೆ ಒಂದು ರೂಪಾಯಿಗೆ 51 ಕೋಟಿ ಸೊಳ್ಳೆಗಳು ಗೋಳಗುಮ್ಮಟ ಹತ್ತಬಹುದು. ಇದಕ್ಕಿಂತ ಅಗ್ಗದ ಪ್ರವಾಸ ಇನ್ನೊಂದಿಲ್ಲ.

ಇಷ್ಟೇ ಇಷ್ಟು ಶಕ್ತಿಯ ಒಂದು ಲೇಸರ್ ಮಿಡಿತವನ್ನು ತಾಮ್ರದ ನ್ಯಾನೊಕಣಗಳ ಮೇಲೆ ಹೊಡೆದರೆ, ಅಲ್ಲಿಂದ ಎಕ್ಸ್‌ರೇ ಚಿಮ್ಮುತ್ತದೆ. ಆಸ್ಪತ್ರೆಯ ಯಂತ್ರದ ಎಕ್ಸ್‌ರೇಗೆ ಸರಿಗಟ್ಟುವ, ಕೆಲವೊಮ್ಮೆ ಅದನ್ನೂ ಮೀರಿಸುವ ಗಟ್ಟಿ ಎಕ್ಸ್‌ರೇ. ಕಣ್ಣಿಗೆ ಕಾಣುವ ಕೆಂಪಿನ ಅಂಚಿನಾಚೆಯ ಮಂದ ಬೆಳಕು ಒಳಗೆ ಹೋಗುತ್ತದೆ, ಎಲುಬು ತೋರಿಸುವ ಕಿರಣ ಹೊರಗೆ ಬರುತ್ತದೆ. ನನಗೆ ಇದನ್ನು ಓದಿದಾಗ ನಂಬಿಕೆ ಬರಲಿಲ್ಲ. ಕಾಗದ, ಪೆನ್ನು, ಕ್ಯಾಲ್ಕ್ಯುಲೇಟರ್ ಹಿಡಿದು ಕೂತೆ. ಲೆಕ್ಕ ಮುಗಿಯುವ ಹೊತ್ತಿಗೆ ಕಾಫಿ ಆರಿತ್ತು, ನಂಬಿಕೆ ಮಾತ್ರ ಇನ್ನೂ ಪೂರ್ತಿ ಬಂದಿರಲಿಲ್ಲ.

ಗುಟ್ಟೆಲ್ಲ ಅವಸರದಲ್ಲಿದೆ. ಆ ಮಿಡಿತ ಬಂದು ಹೋಗುವುದು 100 ಫೆಮ್ಟೊಸೆಕೆಂಡಿನಲ್ಲಿ. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಚೂರು ಮಾಡಿ, ಅದರಲ್ಲಿ ಒಂದನ್ನು ಎತ್ತಿಕೊಂಡರೆ ಅದೇ 100 ಫೆಮ್ಟೊಸೆಕೆಂಡು. ಹತ್ತು ಲಕ್ಷ ಕೋಟಿ ಎಂದರೆ ನಮ್ಮ ಕಿವಿಗೆ ಬೀಳುವುದು ಬಜೆಟ್ ದಿನ ಮಾತ್ರ. ಕರ್ನಾಟಕದ 2025-26ರ ಬಜೆಟ್ 4 ಲಕ್ಷ 9 ಸಾವಿರ ಕೋಟಿ ರೂಪಾಯಿ. ಒಂದು ಸೆಕೆಂಡನ್ನು ಇಡೀ ರಾಜ್ಯದ ಎರಡೂವರೆ ವರ್ಷದ ಖರ್ಚು ಎಂದುಕೊಂಡರೆ, ಈ ಮಿಡಿತ ಅದರಲ್ಲಿ ಒಂದು ರೂಪಾಯಿ.

ರೂಪಾಯಿ ಬೇಡ, ವರ್ಷಗಳಲ್ಲಿ ಹೇಳೋಣ. ಈ ಮಿಡಿತವನ್ನು ಹಿಗ್ಗಿಸಿ ಒಂದು ಸೆಕೆಂಡು ಮಾಡಿದರೆ, ನಮ್ಮ ಮಾಮೂಲಿ ಒಂದು ಸೆಕೆಂಡು ಹಿಗ್ಗಿ 3 ಲಕ್ಷ 17 ಸಾವಿರ ವರ್ಷವಾಗುತ್ತದೆ. ಮೊರಾಕೊದ ಜೆಬೆಲ್ ಇರೂದ್‌ನಲ್ಲಿ ಸಿಕ್ಕಿರುವ, ನಮ್ಮ ಪ್ರಭೇದದ ಮನುಷ್ಯರವೆಂದು ಗುರುತಿಸಿರುವ ಅತಿ ಹಳೆಯ ಎಲುಬುಗಳ ವಯಸ್ಸು ಸುಮಾರು 3 ಲಕ್ಷ 15 ಸಾವಿರ ವರ್ಷ. ಮನುಷ್ಯಕುಲದ ಇಡೀ ಚರಿತ್ರೆ ಒಂದು ಸೆಕೆಂಡು. ಅದರೊಳಗೆ ಗಡಿಯಾರ ಟಿಕ್ ಎಂದ ಒಂದೇ ಒಂದು ಸಲ ಈ ಲೇಸರ್. ನೀವು ಈ ಸಾಲಿನ ಕೊನೆಗೆ ರೆಪ್ಪೆ ಬಡಿದಿದ್ದರೆ, ಆ ಲೆಕ್ಕದಲ್ಲಿ 95 ಸಾವಿರ ವರ್ಷ ಕಣ್ಣು ಮುಚ್ಚಿಕೊಂಡಿದ್ದಿರಿ.

ಬೆಳಕಿನ ವೇಗ ಎಲ್ಲರಿಗೂ ಗೊತ್ತು: ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್, ಭೂಮಿಗೆ ಏಳೂವರೆ ಸುತ್ತು. ಅಂಥ ಬೆಳಕೂ 100 ಫೆಮ್ಟೊಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? 30 ಮೈಕ್ರೋಮೀಟರ್. ತಲೆಗೂದಲಿನ ದಪ್ಪದ ಅರ್ಧವೂ ಆಗಲಿಲ್ಲ. ಹಾಗಾಗಿ ಗಾಳಿಯಲ್ಲಿ ಹಾರಿಬರುವ ಈ ಮಿಡಿತವನ್ನು ಉದ್ದನೆಯ ಕೋಲಿನಂತೆ ಕಲ್ಪಿಸಿಕೊಳ್ಳಬೇಡಿ. ಅದು ಹಪ್ಪಳ. ಒಂದು ಬೆರಳಗಲ, ಕೂದಲಿನ ಅರ್ಧ ದಪ್ಪವೂ ಇಲ್ಲದ ಬೆಳಕಿನ ಹಪ್ಪಳ. ಇಂಥ ಹಪ್ಪಳಗಳನ್ನು ಸೆಕೆಂಡಿಗೆ ಸಾವಿರದಂತೆ ಎಸೆಯುವ ಲೇಸರ್‌ಗಳಿವೆ. ಅಂಥದೊಂದನ್ನು ವರ್ಷವಿಡೀ, ಹಗಲು ರಾತ್ರಿ, ಭಾನುವಾರವೂ ಬಿಡದೆ ಓಡಿಸಿದರೆ, ನಿಜವಾಗಿ ಬೆಳಕು ಇದ್ದ ಹೊತ್ತೆಲ್ಲ ಕೂಡಿಸಿದರೂ ಒಟ್ಟು 3 ಮಿಲಿಸೆಕೆಂಡು. ಉಳಿದ ಮುನ್ನೂರ ಅರವತ್ತೈದು ದಿನವೂ ಕತ್ತಲೆ. ಕಣ್ಣು ಒಮ್ಮೆ ಮಿಟುಕಿಸುವಷ್ಟು ಹೊತ್ತಿನ ಬೆಳಕು ಕೂಡಿಹಾಕಬೇಕೆಂದರೆ 95 ವರ್ಷ ಕಾಯಬೇಕು. ತಾತ ಹಚ್ಚಿದ ಲೇಸರನ್ನು ಮೊಮ್ಮಗ ಆರಿಸಬೇಕು.

ಈಗ ಸೊಳ್ಳೆಯ ಶಕ್ತಿಯನ್ನು ಈ ಅವಸರದಿಂದ ಭಾಗಿಸಿ. ಒಂದು ಮಿಲಿಜೂಲ್, 100 ಫೆಮ್ಟೊಸೆಕೆಂಡಿನಲ್ಲಿ: 10,000 ಮೆಗಾವಾಟ್. ಜೋಗದ ಬಳಿಯ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರಗಳು ಪೂರ್ತಿ ತಿರುಗಿದರೆ 1035 ಮೆಗಾವಾಟ್. ಅಲ್ಲಿಗೆ ಹೆಚ್ಚುಕಡಿಮೆ ಹತ್ತು ಶರಾವತಿ. ರಾಯಚೂರಿನ ಉಷ್ಣ ಸ್ಥಾವರ 1720, ಕೈಗಾ 880. ಶರಾವತಿಯನ್ನೂ ಸೇರಿಸಿ ಮೂರನ್ನೂ ಒಟ್ಟು ಮಾಡಿದರೆ 3635. ಅದನ್ನೂ ಎರಡೂಮುಕ್ಕಾಲು ಸಲ ಪೇರಿಸಿ ಇಡಬೇಕು. ಅಷ್ಟು ಆದ ಮೇಲೂ ಸೊಳ್ಳೆ ಗುಮ್ಮಟದ ಮೇಲೆ ತಣ್ಣಗೆ ಕೂತಿದೆ! ಶರಾವತಿ ದಿನವಿಡೀ ದುಡಿಯುತ್ತದೆ, ಇದು ದುಡಿದದ್ದು ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು, ಅಷ್ಟೇ ವ್ಯತ್ಯಾಸ. (ಈ ಹಪ್ಪಳ ಕರಿಯುವ ಯಂತ್ರ ಗೋಡೆಯ ಪ್ಲಗ್ಗಿನಿಂದ ಎಳೆಯುವ ಕರೆಂಟು ಬೇರೆ. ಅದರ ಬಿಲ್ಲು ಸೊಳ್ಳೆಯ ಲೆಕ್ಕಕ್ಕೆ ಬರುವುದಿಲ್ಲ.)

ಆ ಹಪ್ಪಳದಲ್ಲಿ ಬೆಳಕಿನ ಕಣಗಳೆಷ್ಟು? 4 ಬರೆದು ಮುಂದೆ ಹದಿನೈದು ಸೊನ್ನೆ. ಭೂಮಿಯ ಮೇಲಿನ 820 ಕೋಟಿ ಜನರಿಗೂ ಪ್ರಸಾದದಂತೆ ಹಂಚಿದರೆ ತಲೆಗೆ ಐದು ಲಕ್ಷ.

ಇಷ್ಟು ಗಿಡ್ಡ, ಇಷ್ಟು ಬಲವಾದ ಮಿಡಿತವನ್ನು ಮಾಡಲು ಹೊರಟವರಿಗೆ ಬಹುಕಾಲ ಒಂದೇ ಕಷ್ಟ: ಬಲ ಹೆಚ್ಚಿಸಿದರೆ ಲೇಸರ್ ತನ್ನನ್ನೇ ಸುಟ್ಟುಕೊಳ್ಳುತ್ತಿತ್ತು. 1985ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡೋನಾ ಸ್ಟ್ರಿಕ್‌ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿನಿ ಮತ್ತು ಆಕೆಯ ಗುರು ಜೆರಾರ್ಡ್ ಮೂರೂ ದಾರಿ ಕಂಡುಕೊಂಡರು. ಮಿಡಿತವನ್ನು ಮೊದಲು ಎಳೆದು ಉದ್ದ ಮಾಡು, ಆಮೇಲೆ ಬಲ ತುಂಬು, ಕೊನೆಗೆ ಮತ್ತೆ ಹಿಚುಕಿ ಗಿಡ್ಡ ಮಾಡು. ಕೇಳಿದರೆ ಚಕ್ಕುಲಿ ಹಿಟ್ಟಿನ ಉಪಾಯ. ಅದನ್ನು ಬರೆದ ಪ್ರಬಂಧ ಮೂರೇ ಪುಟ. ಆಕೆಯ ಮೊಟ್ಟಮೊದಲ ಪ್ರಬಂಧವೂ ಅದೇ. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮೂರು ಪುಟ, ಮೂವತ್ತಮೂರು ವರ್ಷ: ಪುಟಕ್ಕೆ ಹನ್ನೊಂದು ವರ್ಷದ ಕಾಯುವಿಕೆ. ಭೌತಶಾಸ್ತ್ರದ ನೊಬೆಲ್ ಪಡೆದ ಮಹಿಳೆಯರಲ್ಲಿ ಆಕೆ ಮೂರನೆಯವರು, ಎರಡನೆಯವರಿಗೆ ಬಂದು ಆಗಲೇ 55 ವರ್ಷವಾಗಿತ್ತು. ಈ ಸಂಖ್ಯೆಯನ್ನು ಖುಷಿಯಿಂದ ಹೇಳುವಂತಿಲ್ಲ, ಮುಂದಕ್ಕೆ ಹೋಗೋಣ.

ಕಾಲದಲ್ಲಿ ಹಿಚುಕಿದ್ದಾಯಿತು. ಇನ್ನು ಜಾಗದಲ್ಲಿ ಹಿಚುಕಬೇಕು. ಮಸೂರ ಇಲ್ಲವೇ ಬಾಗುಗನ್ನಡಿ ಇಟ್ಟು ಆ ಹಪ್ಪಳವನ್ನು 10 ಮೈಕ್ರೋಮೀಟರ್ ಅಗಲದ ಚುಕ್ಕೆಗೆ ಇಳಿಸಿದರೆ, ಕೂದಲಿನ ಅಗಲದಲ್ಲಿ ಎಂಟು ಚುಕ್ಕೆ ಸಾಲಾಗಿ ಕೂರುತ್ತವೆ. ಅಲ್ಲಿನ ತೀವ್ರತೆ ಚದರ ಸೆಂಟಿಮೀಟರಿಗೆ 1ರ ಮುಂದೆ ಹದಿನಾರು ಸೊನ್ನೆ ವಾಟ್. ಸೊನ್ನೆ ಎಣಿಸಿ ಯಾರಿಗೂ ಏನೂ ಅನ್ನಿಸುವುದಿಲ್ಲ. ಆದ್ದರಿಂದ ಹೀಗೆ ನೋಡಿ. ಸೂರ್ಯ ಈ ಕ್ಷಣ ಭೂಮಿಯ ಮೇಲೆ ಸುರಿಯುತ್ತಿರುವ ಬೆಳಕು 17,400 ಕೋಟಿ ಮೆಗಾವಾಟ್. ಶಾಂತಸಾಗರದ ಮೇಲೆ, ಸಹಾರಾದ ಮೇಲೆ, ಹಿಮಾಲಯದ ಮೇಲೆ, ನಿಮ್ಮ ತಾರಸಿಯಲ್ಲಿ ಒಣಗಲು ಹಾಕಿದ ಮೆಣಸಿನಕಾಯಿಯ ಮೇಲೆ ಬೀಳುತ್ತಿರುವ ಅಷ್ಟೂ ಬಿಸಿಲನ್ನು ಒಂದು ಹನಿಯೂ ಬಿಡದೆ ಬಾಚಿ ತಂದು, ಒಂದು ಬೆಂಕಿಪೊಟ್ಟಣದ ಮೈಮೇಲೆ ಸುರಿದರೆ ಈ ತೀವ್ರತೆ.

ಬೆಳಕೆಂದರೆ ವಿದ್ಯುತ್ ಕ್ಷೇತ್ರದ ಅಲೆ. ಈ ಚುಕ್ಕೆಯಲ್ಲಿ ಆ ಕ್ಷೇತ್ರ ಸೆಂಟಿಮೀಟರಿಗೆ 274 ಕೋಟಿ ವೋಲ್ಟ್. ಮನೆಯ ಸಾಕೆಟ್ಟಿನಲ್ಲಿ 230 ವೋಲ್ಟ್ ಇದೆ, ಅದಕ್ಕೇ ಮಕ್ಕಳನ್ನು ಗದರಿಸುತ್ತೇವೆ. ಗಾಳಿ ಸಿಡಿದು ಕಿಡಿ ಹಾರಲು ಸೆಂಟಿಮೀಟರಿಗೆ 30 ಸಾವಿರ ವೋಲ್ಟ್ ಸಾಕು. ಇದು ಅದರ 91 ಸಾವಿರ ಪಟ್ಟು. ಟಾರ್ಚಿಗೆ ಹಾಕುವ ದಪ್ಪ ಸೆಲ್ಲು ಗೊತ್ತಲ್ಲ, ಒಂದೂವರೆ ವೋಲ್ಟಿನದು, ಆರು ಸೆಂಟಿಮೀಟರ್ ಉದ್ದದ್ದು? 274 ಕೋಟಿ ವೋಲ್ಟ್ ಬರಬೇಕೆಂದರೆ ಅಂಥ ಸೆಲ್ಲುಗಳನ್ನು ಒಂದಕ್ಕೊಂದು ತಲೆಗೆ ಬಾಲ ತಾಗಿಸಿ 1 ಲಕ್ಷ 10 ಸಾವಿರ ಕಿಲೋಮೀಟರ್ ಜೋಡಿಸುತ್ತ ಹೋಗಬೇಕು. ಸಮಭಾಜಕ ವೃತ್ತದ ಗುಂಟ ಭೂಮಿಗೆ ಎರಡೂಮುಕ್ಕಾಲು ಸುತ್ತು. ಇಷ್ಟೂ ವೋಲ್ಟು ಒಂದು ಸೆಂಟಿಮೀಟರಿನಲ್ಲಿ. ಪರಮಾಣುವಿನ ಹೊರಸುತ್ತಿನ ಇಲೆಕ್ಟ್ರಾನುಗಳು ಈ ಕ್ಷೇತ್ರದ ಎದುರು ಮನೆ ಬಿಟ್ಟು ಓಡದೆ ಇನ್ನೇನು ಮಾಡಿಯಾವು?

ಬೆಳಕಿಗೆ ಒತ್ತಡವೂ ಇದೆ. ಬಿಸಿಲಿನಲ್ಲಿ ನಿಂತಾಗ ಅದು ನಮ್ಮನ್ನು ತಳ್ಳುತ್ತಿರುತ್ತದೆ, ಅರಿವಿಗೆ ಬರುವುದಿಲ್ಲ ಅಷ್ಟೇ. ಈ ಚುಕ್ಕೆಯಲ್ಲಿ ಬೆಳಕಿನ ಒತ್ತಡ ವಾಯುಮಂಡಲದ ಒತ್ತಡದ 33 ಲಕ್ಷ ಪಟ್ಟು. ನಮ್ಮ ಕಾಲ ಕೆಳಗೆ 6371 ಕಿಲೋಮೀಟರ್ ಆಳದಲ್ಲಿ, ಇಡೀ ಭೂಮಿಯ ಭಾರ ಹೊತ್ತು ನರಳುವ ನಟ್ಟನಡುವಿನಲ್ಲಿ, ಒತ್ತಡ 36 ಲಕ್ಷ ಪಟ್ಟು. ಅಂದರೆ ಬರೀ ಬೆಳಕು ಭೂಗರ್ಭಕ್ಕೆ ಸರಿಸಮ! ನಿಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಒಂದು ಚದರ ಸೆಂಟಿಮೀಟರಿನಲ್ಲಿ, ಈ ಒತ್ತಡ ಬಿತ್ತೆಂದರೆ ಅದರ ತೂಕ 3400 ಟನ್. ನಾಲ್ಕು ಟನ್ನಿನ ಆನೆಗಳಾದರೆ 850. ಮೈಸೂರು ದಸರೆಗೆ ಇತ್ತೀಚಿನ ವರ್ಷಗಳಲ್ಲಿ ಬರುವುದು ಹದಿನಾಲ್ಕರ ಆಸುಪಾಸು. ಅರವತ್ತು ದಸರೆಯ ಆನೆಗಳು ಒಂದರ ಮೇಲೊಂದು ಹತ್ತಿ ಒಂದೇ ಉಗುರಿನ ಮೇಲೆ ನಿಂತ ಹಾಗೆ. ಸತ್ಯ ಮುಚ್ಚಿಡಬಾರದು: ನಮ್ಮ ಚುಕ್ಕೆ ಉಗುರಿಗಿಂತ ಹನ್ನೆರಡು ಲಕ್ಷಕ್ಕೂ ಹೆಚ್ಚು ಪಟ್ಟು ಚಿಕ್ಕದು, ಹಾಗಾಗಿ ಅಲ್ಲಿ ಬೀಳುವ ನಿಜವಾದ ಭಾರ ಎರಡೂವರೆ ಕೆಜಿ ಚಿಲ್ಲರೆ. ಒಂದು ಸೋರೆಕಾಯಿ. ಆದರೆ ಕೂದಲಿನ ಎಂಟನೇ ಒಂದು ಅಗಲದ ಮೊನೆಯ ಮೇಲೆ ನಿಂತ ಸೋರೆಕಾಯಿ.

ಇಲ್ಲಿಯವರೆಗೆ ಹೇಳಿದ್ದು ಹೊಡೆಯುವ ಸುತ್ತಿಗೆಯ ಕತೆ. ಇನ್ನು ಹೊಡೆಸಿಕೊಳ್ಳುವ ದೂಳಿನದು.

ತಾಮ್ರದ ಒಂದು ನ್ಯಾನೊಕಣದ ಅಗಲ 20 ನ್ಯಾನೊಮೀಟರ್ ಎಂದಿಟ್ಟುಕೊಳ್ಳಿ. ಒಂದು ಕೂದಲಿನ ಅಡ್ಡಕ್ಕೆ ಇಂಥ 4000 ಕಣಗಳನ್ನು ಸಾಲು ನಿಲ್ಲಿಸಬಹುದು. ಆ ಕಣವನ್ನು ಉಬ್ಬಿಸಿ ಉಬ್ಬಿಸಿ ಒಂದು ರಾಗಿ ಕಾಳಿನಷ್ಟು ಮಾಡಿ, ಮಿಕ್ಕ ಜಗತ್ತನ್ನೂ ಅದೇ ಅಳತೆಯಲ್ಲಿ ಉಬ್ಬಿಸಿದರೆ ಕೂದಲು ಆರು ಮೀಟರ್ ಅಗಲದ ರಸ್ತೆಯಾಗುತ್ತದೆ. ಐದೂವರೆ ಅಡಿಯ ಮನುಷ್ಯ 120 ಕಿಲೋಮೀಟರ್ ದಾಟಿ ಬೆಳೆಯುತ್ತಾನೆ. ಬಾಹ್ಯಾಕಾಶ ಶುರುವಾಗುತ್ತದೆ ಎನ್ನುವ 100 ಕಿಲೋಮೀಟರಿನ ಗೆರೆ ಅವನ ಎದೆಮಟ್ಟಕ್ಕೆ ಬರುತ್ತದೆ. ತಲೆ ಆಕಾಶದಾಚೆ, ಕಾಲ ಬಳಿ ಒಂದು ರಾಗಿ ಕಾಳು. ಆ ಕಾಳಿನೊಳಗೆ ಇನ್ನೂ 3 ಲಕ್ಷ 50 ಸಾವಿರ ತಾಮ್ರದ ಪರಮಾಣುಗಳು ಕೂತಿವೆ.

ಒಂದು ಗ್ರಾಂ ತಾಮ್ರ ತೆಗೆದುಕೊಂಡು ಪೂರ್ತಿ ಇಂಥ ಕಣ ಮಾಡಿದರೆ ಎಷ್ಟಾದೀತು? ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ, ಹುಟ್ಟಿದ ಕೂಸನ್ನೂ ಬಿಡದೆ, 32 ಲಕ್ಷ. ಆ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 360 ಚದರ ಅಡಿ. ಬೆಂಗಳೂರಿನಲ್ಲಿ ಜನ ಜೀವಮಾನವಿಡೀ ಸಾಲ ತೀರಿಸುವ ಮೂವತ್ತು-ನಲವತ್ತರ ಸೈಟು 1200 ಚದರ ಅಡಿ. ಅಂಥ ಸೈಟಿಗೆ ಮೂರು ಗ್ರಾಂ ಚಿಲ್ಲರೆ ತಾಮ್ರ ಸಾಕು! ಜಾಗ ಸಿಕ್ಕೀತು, ಮನೆ ಕಟ್ಟಲಾಗದು. ನಮ್ಮ ಲೇಸರ್ ಚುಕ್ಕೆಯ ಕೆಳಗೆ ಈ ಕಣಗಳನ್ನು ಒಂದೇ ಪದರ ಹರಡಿದರೆ ಎರಡು ಲಕ್ಷ ಕೂರುತ್ತವೆ. ಪ್ರತಿ ಹೊಡೆತಕ್ಕೂ ಹೊಸ ಪದರ ಎಂದುಕೊಂಡು, ಸೆಕೆಂಡಿಗೆ ಸಾವಿರ ಹೊಡೆತದಂತೆ ಹೊಡೆಯುತ್ತಲೇ ಇದ್ದರೂ ಒಂದು ಗ್ರಾಂ ತೀರಲು ನಾಲ್ಕು ವರ್ಷ ಬೇಕು.

ಈ ದೂಳಿಗೆ ಲೇಸರ್ ಹೊಡೆದವರು ಮುಂಬಯಿಯ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ಅಲ್ಲಿ ಜಿ. ರವೀಂದ್ರ ಕುಮಾರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಿಡಿತ ನಮ್ಮದೇ, 100 ಫೆಮ್ಟೊಸೆಕೆಂಡಿನದು. ತೀವ್ರತೆ ಮಾತ್ರ ನಾನು ಮೇಲೆ ಹೇಳಿದ್ದಕ್ಕಿಂತ ಹತ್ತರಿಂದ ನೂರು ಪಟ್ಟು ಕಡಿಮೆ. ಬೆಂಕಿಪೊಟ್ಟಣದ ಬದಲು ಅಗಲವಾದ ಅಂಗೈ, ಇಲ್ಲವೇ ದೊಡ್ಡ ಊಟದ ತಟ್ಟೆಗಳು ಎರಡು ಮೂರು ಎಂದುಕೊಳ್ಳಿ. ಮೊದಲು ನುಣುಪಾದ ಗುರಿಗೆ ಹೊಡೆದರು, ಎಕ್ಸ್‌ರೇ ಬಂತು. ಆಮೇಲೆ ತಾಮ್ರದ ನ್ಯಾನೊಕಣ ಲೇಪಿಸಿದ ಗುರಿಗೆ ಹೊಡೆದರು. ಲೇಸರ್ ಅದೇ, ಶಕ್ತಿ ಅದೇ, ಕೋಣೆ ಅದೇ. ಎಕ್ಸ್‌ರೇ 13 ಪಟ್ಟು!

ಕೋಟಿಗಳ ನಡುವೆ ಹದಿಮೂರು ಎಂಬ ಸಂಖ್ಯೆ ಬಡಪಾಯಿಯಂತೆ ಕಾಣುತ್ತದೆ. ನನಗೆ ಈ ಇಡೀ ಲೆಕ್ಕದಲ್ಲಿ ಅತಿ ದೊಡ್ಡದಾಗಿ ಕಂಡ ಸಂಖ್ಯೆ ಅದೇ. ಹದಿಮೂರು ಪಟ್ಟು ಎಂದರೆ, ಅದೇ ಗದ್ದೆ, ಅದೇ ನೀರು, ಅದೇ ಗೊಬ್ಬರ, ಬರೀ ಒಂದು ಹಿಡಿ ದೂಳು ಎರಚಿದ್ದಕ್ಕೆ ಎಕರೆಗೆ ಇಪ್ಪತ್ತು ಚೀಲ ಬರುತ್ತಿದ್ದ ಭತ್ತ 260 ಚೀಲ ಬಂದ ಹಾಗೆ. ಹತ್ತು ಶರಾವತಿಯನ್ನು ನೂರ ಮೂವತ್ತು ಮಾಡಲು ಹೊರಟರೆ ಯಂತ್ರಕ್ಕೆ ಸುರಿಯಬೇಕಾದ ದುಡ್ಡೇ ಬೇರೆ. ಚೂಪು ಮೂತಿಯ ಕಣ ಸಿಡಿಲುಗಂಬದಂತೆ ಕ್ಷೇತ್ರವನ್ನು ತನ್ನತ್ತ ಸೆಳೆದು ಕೂಡಿಹಾಕುತ್ತದೆ ಎನ್ನುವುದು ವಿಜ್ಞಾನಿಗಳ ವಿವರಣೆಯ ಸಾರ. ನಮಗೆ ಇಷ್ಟು ಸಾಕು. ತಮಾಷೆಯೆಂದರೆ, ಬೆಳಕಿನ ಅಲೆಯ ಉದ್ದ ಈ ಕಣದ 40 ಪಟ್ಟು. ರಾಗಿ ಕಾಳಿನ ಲೆಕ್ಕದಲ್ಲಿ ಅಲೆ ಆರು ಸೆಂಟಿಮೀಟರ್. ಗಜ್ಜರಿ ಗಾತ್ರದ ಅಲೆಯನ್ನು ರಾಗಿ ಗಾತ್ರದ ಕಾಳು ಅಡ್ಡಹಾಕಿ ಲೂಟಿ ಮಾಡುತ್ತದೆ.

ಹೊರಬಂದ ಎಕ್ಸ್‌ರೇಯ ಶಕ್ತಿ 10ರಿಂದ 200 ಕಿಲೋ ಇಲೆಕ್ಟ್ರಾನ್ ವೋಲ್ಟ್. ಒಳಗೆ ಹೋದ ಬೆಳಕಿನ ಒಂದು ಕಣದ ಶಕ್ತಿ ಒಂದೂವರೆ ಇಲೆಕ್ಟ್ರಾನ್ ವೋಲ್ಟ್ ಚಿಲ್ಲರೆ. ಭಾಗಿಸಿದರೆ, 200ರ ಒಂದು ಎಕ್ಸ್‌ರೇ ಕಣ 1 ಲಕ್ಷ 30 ಸಾವಿರ ಬೆಳಕಿನ ಕಣಗಳಿಗೆ ಸಮ. ಕಿಟಕಿಯಲ್ಲಿ ಒಂದೊಂದೇ ರೂಪಾಯಿಯ ನಾಣ್ಯ ಸುರಿಯುತ್ತ ಹೋದರೆ, ಆ ಕಡೆಯಿಂದ 1 ಲಕ್ಷ 30 ಸಾವಿರದ ಚೆಕ್ಕು ಹೊರಬಂದಂತೆ. ನಡುವೆ ದಲ್ಲಾಳಿ ಕೆಲಸ ಮಾಡುವುದು ಇಲೆಕ್ಟ್ರಾನು. ಅಷ್ಟು ಶಕ್ತಿ ಹೊಕ್ಕ ಇಲೆಕ್ಟ್ರಾನಿನ ವೇಗ ಸೆಕೆಂಡಿಗೆ 2 ಲಕ್ಷ 8 ಸಾವಿರ ಕಿಲೋಮೀಟರ್: ಭೂಮಿಗೆ ಐದು ಸುತ್ತು, ಬೀದರಿನಿಂದ ಚಾಮರಾಜನಗರಕ್ಕೆ ಸೆಕೆಂಡಿನ ಮುನ್ನೂರರಲ್ಲಿ ಒಂದು ಪಾಲು. ಅಳುಕುತ್ತ ಕೆಳಗಿನ ತುದಿಯ 10 ಕಿಲೋ ಇಲೆಕ್ಟ್ರಾನ್ ವೋಲ್ಟನ್ನೇ ತಾಪದ ಭಾಷೆಗೆ ತಿರುಗಿಸಿದೆ: 11 ಕೋಟಿ 60 ಲಕ್ಷ ಡಿಗ್ರಿ. ಸೂರ್ಯನ ಒಡಲಲ್ಲಿ ಒಂದೂವರೆ ಕೋಟಿ. ಸೊಳ್ಳೆ ಈಗ ಸೂರ್ಯನನ್ನು ಎಂಟು ಪಟ್ಟಿನ ಹತ್ತಿರ ಹಿಂದೆ ಹಾಕಿತು.

ಕೊಲಾಬಾದವರು ಅಲ್ಲಿಗೆ ಸುಮ್ಮನಾಗಲಿಲ್ಲ. 2012ರಲ್ಲಿ ಎಂ. ಕೃಷ್ಣಮೂರ್ತಿ ಮತ್ತು ಸಂಗಡಿಗರು ಲೋಹದ ಕಣವನ್ನೂ ಬದಿಗಿಟ್ಟು ಗಾಜಿನ ಮೇಲೆ ಬ್ಯಾಕ್ಟೀರಿಯಾ ಬಳಿದರು. ಹೌದು, ಬ್ಯಾಕ್ಟೀರಿಯಾ, ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ. ಬದುಕಿದ್ದರೂ ಸರಿ, ಸತ್ತಿದ್ದರೂ ಸರಿ. ಬೆಂಕಿಪೊಟ್ಟಣದ ತೀವ್ರತೆಯಲ್ಲಿ ಹೊಡೆದಾಗ ಬರೀ ಗಾಜಿಗಿಂತ ಎಕ್ಸ್‌ರೇ ನೂರು ಪಟ್ಟಿಗೂ ಮೀರಿ ಹೆಚ್ಚಾಯಿತು, 300 ಕಿಲೋ ಇಲೆಕ್ಟ್ರಾನ್ ವೋಲ್ಟಿನವರೆಗೆ ಹೋಯಿತು. ಕಚ್ಚಾಮಾಲಿಗೆ ಬರವೇ ಇಲ್ಲ. ಒಂದು ಇ. ಕೋಲೈ ತೂಕ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಳ್ಳೆಯ ಊಟ ಹಾಕಿದರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ಊಟವೂ ಜಾಗವೂ ಎಂದೂ ಮುಗಿಯದಿದ್ದರೆ (ಮುಗಿಯುತ್ತದೆ, ಪುಣ್ಯಕ್ಕೆ) ಒಂದೇ ಒಂದು ಬ್ಯಾಕ್ಟೀರಿಯಾದ ಸಂತಾನ ಒಂದು ದಿನದಲ್ಲಿ 4700 ಟನ್ ತೂಗುತ್ತದೆ. 1180 ಆನೆ. ಇನ್ನೊಂದು ಗಂಟೆ ತಡೆದರೆ 9400 ಆನೆ. 2023ರ ಗಣತಿಯಲ್ಲಿ ಕರ್ನಾಟಕದ ಅಷ್ಟೂ ಕಾಡುಗಳಲ್ಲಿ ಸಿಕ್ಕ ಆನೆಗಳು 6395.

ಅದೇ ಸಂಸ್ಥೆಯವರು 2002ರಲ್ಲಿ ಇಂಥ ಹೊಡೆತದ ನಡುವೆ ಹುಟ್ಟುವ ಕಾಂತಕ್ಷೇತ್ರವನ್ನೂ ಅಳೆದಿದ್ದರು: 2 ಕೋಟಿ 70 ಲಕ್ಷ ಗಾಸ್. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ಅರ್ಧ ಗಾಸ್ ಆಸುಪಾಸು. ಎಂಆರ್‌ಐ ಕೋಣೆಗೆ ಹೋಗುವಾಗ ತಾಳಿ, ಉಂಗುರ, ಬೀಗದ ಕೈ ಎಲ್ಲ ಬಿಚ್ಚಿಡಿಸುತ್ತಾರಲ್ಲ, ಆ ಕಾಂತ ಸಾಮಾನ್ಯವಾಗಿ 15 ಸಾವಿರ ಗಾಸ್. ಇಲ್ಲಿ ಒಂದು ಚುಕ್ಕೆಯಲ್ಲಿ 1800 ಎಂಆರ್‌ಐ ಯಂತ್ರಗಳು ಒಟ್ಟಿಗೆ ಚಾಲೂ ಆದವು, ಸೆಕೆಂಡಿನ ಲಕ್ಷ ಕೋಟಿಯಲ್ಲಿ ಆರು ಪಾಲು ಇದ್ದು ಮಾಯವಾದವು. ಉಂಗುರಕ್ಕೆ ಗಾಬರಿಯಾಗಲೂ ಪುರುಸೊತ್ತಿಲ್ಲ.

ಅಮೆರಿಕದ ಲಿವರ್‌ಮೋರ್‌ನಲ್ಲಿ 1999ರಲ್ಲಿ ಲೋಹದ ಬದಲು ಡ್ಯುಟೀರಿಯಂ ಅನಿಲದ ಗೊಂಚಲುಗಳಿಗೆ ಹೊಡೆದರು. ಮಿಡಿತ 35 ಫೆಮ್ಟೊಸೆಕೆಂಡು, ಶಕ್ತಿ 120 ಸೊಳ್ಳೆ. ಗೊಂಚಲುಗಳು ಸಿಡಿದು ಪರಮಾಣು ಬೀಜಗಳು ಒಂದಕ್ಕೊಂದು ಬೆಸೆದು, ಹೊಡೆತಕ್ಕೆ ಸುಮಾರು ಹತ್ತು ಸಾವಿರ ನ್ಯೂಟ್ರಾನು ಹೊರಬಂದವು. ನಕ್ಷತ್ರಗಳೊಳಗೆ ನಡೆಯುವಂಥ ಬೆಸುಗೆ, ಮೇಜಿನ ಮೇಲೆ.

ಸೊಳ್ಳೆಯನ್ನು ಬಿಟ್ಟು ಅಕ್ಕಿ ಮೂಟೆಗೆ ಬರೋಣ. ರೊಮೇನಿಯಾದ ಮಗುರೆಲೆ ಎಂಬಲ್ಲಿನ ಲೇಸರಿನ ಒಂದು ಮಿಡಿತದಲ್ಲಿರುವುದು 25 ಕೆಜಿ ಅಕ್ಕಿ ಮೂಟೆಯನ್ನು ನೆಲದಿಂದ ಒಂದು ಮೀಟರ್ ಎತ್ತಿ ಜಗುಲಿಗೆ ಇಡುವಷ್ಟು ಶಕ್ತಿ. ಕಿರಾಣಿ ಅಂಗಡಿಯ ಹುಡುಗ ದಿನಕ್ಕೆ ನೂರು ಸಲ ಮಾಡುವ ಕೆಲಸ. ಲೇಸರ್ ಅದನ್ನು 25 ಫೆಮ್ಟೊಸೆಕೆಂಡಿನೊಳಗೆ ಮಾಡುತ್ತದೆ, ಹಾಗಾಗಿ ಅದು 1000 ಕೋಟಿ ಮೆಗಾವಾಟ್. ಹತ್ತು ಶರಾವತಿ ಎಂದು ಬೀಗಿದ್ದೆವಲ್ಲ? ಇದು 97 ಲಕ್ಷ ಶರಾವತಿ. ಇಡೀ ಜಗತ್ತಿನ ಎಲ್ಲ ವಿದ್ಯುತ್ ಸ್ಥಾವರಗಳೂ ಸೇರಿ ಸರಾಸರಿ ಉತ್ಪಾದಿಸುವುದರ ಸುಮಾರು 3000 ಪಟ್ಟು.

ದಕ್ಷಿಣ ಕೊರಿಯಾದ ಗ್ವಾಂಗ್ಜುನಲ್ಲಿ ಇದಕ್ಕಿಂತ ಕಡಿಮೆ ಬಲದ ಲೇಸರನ್ನೇ ಇನ್ನೂ ಕಿರಿದಾದ ಚುಕ್ಕೆಗೆ ಹಿಚುಕಿ, 2021ರಲ್ಲಿ ತೀವ್ರತೆಯ ದಾಖಲೆ ಬರೆದರು: ಚದರ ಸೆಂಟಿಮೀಟರಿಗೆ 11ರ ಮುಂದೆ ಇಪ್ಪತ್ತೆರಡು ಸೊನ್ನೆ ವಾಟ್. ಭೂಮಿಯ ಅಷ್ಟೂ ಬಿಸಿಲಿಗೆ ಇನ್ನು ಬೆಂಕಿಪೊಟ್ಟಣ ಬೇಡ. ಒಂದು ಕೂದಲನ್ನು ಅಡ್ಡ ಕತ್ತರಿಸಿ, ಆ ತುದಿಯ ಮೂವತ್ತರಲ್ಲಿ ಒಂದು ಪಾಲಿನ ಮೇಲೆ ಸುರಿಯಬೇಕು. ಉಗುರಿನ ಮೇಲಿನ ಆನೆಗಳನ್ನು ಮತ್ತೆ ಎಣಿಸಿದೆ. 935 ಕೋಟಿ. ಭೂಮಿಯ ಮೇಲಿನ ಪ್ರತಿ ಮನುಷ್ಯನಿಗೂ ಒಂದೊಂದು ಆನೆ ಕೊಟ್ಟು, ಆಮೇಲೂ ನೂರು ಕೋಟಿಗೂ ಹೆಚ್ಚು ಆನೆ ಉಳಿಯುತ್ತವೆ. ಎಲ್ಲ ಒಂದೇ ಉಗುರಿನ ಮೇಲೆ.

ಎಕ್ಸ್‌ರೇ ಮಿಂಚು ಬೇಕೆಂದರೆ ಜರ್ಮನಿಯ ಹ್ಯಾಂಬರ್ಗಿನಲ್ಲೂ ಸಿಗುತ್ತದೆ. ಅಲ್ಲಿನ ಯಂತ್ರ ನೆಲದಡಿ 3.4 ಕಿಲೋಮೀಟರ್ ಉದ್ದ, ಈ ತುದಿಯಿಂದ ಆ ತುದಿಗೆ ನಡೆದರೆ ಮುಕ್ಕಾಲು ಗಂಟೆ. ಸೆಕೆಂಡಿಗೆ 27,000 ಮಿಂಚು. ಬೆಳಗುವುದರಲ್ಲಿ ಅದರ ಮುಂದೆ ನ್ಯಾನೊಕಣದ ಮಿಂಚು ಕ್ಷೀಣವೇ. ಆದರೆ ನ್ಯಾನೊಕಣದ ಯಂತ್ರವನ್ನು ಸುತ್ತು ಹಾಕಲು ಒಂದು ಕೋಣೆಯೊಳಗೆ ಹತ್ತಾರು ಹೆಜ್ಜೆ ಸಾಕು.

ನ್ಯಾನೊಕಣದ ಆ ಮಿಂಚು ಇರುವುದಾದರೂ ಎಷ್ಟು ಹೊತ್ತು? ಒಂದು ಪಿಕೋಸೆಕೆಂಡಿನ ಆಸುಪಾಸು, ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅದನ್ನು ಹಿಗ್ಗಿಸಿ ಒಂದು ಸೆಕೆಂಡು ಮಾಡಿ. ಆಗ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯುವಾಗ ಉಸಿರು ಬಿಗಿಹಿಡಿ ಎನ್ನುತ್ತಾರಲ್ಲ, ಕಿರಣ ಹಾಯುವ ಆ ನೂರರಲ್ಲೊಂದು ಸೆಕೆಂಡು 317 ವರ್ಷವಾಗುತ್ತದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ್ ತೀರಿಕೊಂಡ ಆಸುಪಾಸಿನಲ್ಲಿ ಉಸಿರು ಹಿಡಿದವರು ಈಗ ಬಿಡಬಹುದು.

1895ರ ಡಿಸೆಂಬರ್ 22ರಂದು, ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ, ವಿಲ್‌ಹೆಲ್ಮ್ ರಾಂಟ್‌ಜೆನ್ ತಾನು ಆಗಷ್ಟೇ ಕಂಡುಕೊಂಡಿದ್ದ ಹೆಸರಿಲ್ಲದ ಕಿರಣದ ಎದುರು ಹೆಂಡತಿ ಆನಾ ಬರ್ಥಾಳ ಕೈ ಇರಿಸಿದ. ಚಿತ್ರ ಮೂಡಲು ಸುಮಾರು 15 ನಿಮಿಷ ಬೇಕಾಯಿತು. ನಮ್ಮ ಹಿಗ್ಗಿಸಿದ ಗಡಿಯಾರದಲ್ಲಿ ಅದು 2 ಕೋಟಿ 85 ಲಕ್ಷ ವರ್ಷ. ಅಷ್ಟೂ ಹೊತ್ತು ಆಕೆ ಕೈ ಅಲ್ಲಾಡಿಸದೆ ಕೂತಿದ್ದಳು. ಚಿತ್ರದಲ್ಲಿ ಬೆರಳಿನ ಎಲುಬುಗಳೂ, ಒಂದು ಎಲುಬಿನ ಸುತ್ತ ತೇಲುತ್ತಿರುವಂತೆ ಮದುವೆಯ ಉಂಗುರವೂ ಇವತ್ತಿಗೂ ಕಾಣುತ್ತವೆ.